ಹಸಿರು ಬುಟ್ಟಿಗೆ ಬೀಳುವ ತರಕಾರಿಯನ್ನು ಅಡುಗೆಗೆ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ – ವರ್ತೂರಿನಿಂದ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾವು ನಾಲ್ವರಿದ್ದೇವೆ: ನಾನು, ನಮ್ಮ ಯಜಮಾನರು, ಅತ್ತೆಯವರು ಮತ್ತು ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮಗ. ನಾವಿಬ್ಬರೂ ಕೆಲಸಕ್ಕೆ ಹೋಗುವುದರಿಂದ ವಾರಕ್ಕೆ ಬೇಕಾದ ತರಕಾರಿಯನ್ನು ಭಾನುವಾರವೇ ತಂದಿಡುವುದು ರೂಢಿಯಾಗಿದೆ. ಕಳೆದ ತಿಂಗಳು ಹಸಿ ಕಸದ ಹಸಿರು ಬುಟ್ಟಿಯನ್ನು ಕೆಳಗೆ ಒಯ್ಯುವಾಗ ಅದರೊಳಗೆ ಕೊಳೆತ ಎರಡು ಕಟ್ಟು ದಂಟಿನ ಸೊಪ್ಪು, ಹಳದಿಯಾದ ಕೊತ್ತಂಬರಿ, ಅರ್ಧ ಎಲೆಕೋಸು ಮತ್ತು ಹಿಂದಿನ ರಾತ್ರಿಯ ಅನ್ನ ಕಂಡು ನಿಜಕ್ಕೂ ಸಂಕಟವಾಯಿತು. ದುಡ್ಡು ಹೋದದ್ದು ಒಂದು ಕಡೆಯಾದರೆ, ಮನೆಗೆ ಬಂದ ಆಹಾರವನ್ನು ನಾವೇ ಕೈಯಾರೆ ಹಾಳುಮಾಡಿದೆವಲ್ಲ ಎಂಬ ನೋವು ಇನ್ನೊಂದು ಕಡೆ.

ಕಡಿಮೆ ಖರ್ಚಿನಲ್ಲಿ, ತಂದದ್ದನ್ನೆಲ್ಲ ಬಳಸಿಕೊಂಡು ಅಡುಗೆ ಮಾಡುವ ಕ್ರಮವನ್ನು ದಯವಿಟ್ಟು ತಿಳಿಸಿಕೊಡಿ. ಇದರ ಜೊತೆಗೆ ಇನ್ನೊಂದು ತೊಂದರೆಯಿದೆ. ನಮ್ಮಲ್ಲಿ ಕೊಳವೆಬಾವಿಯ ನೀರು ಬರುತ್ತದೆ. ತೊಗರಿಬೇಳೆ ಆರು ಸೀಟಿ ಕೂಗಿಸಿದರೂ ಮೆತ್ತಗಾಗುವುದಿಲ್ಲ, ಆದ್ದರಿಂದ ಗ್ಯಾಸ್ ಬೇಗ ಮುಗಿಯುತ್ತಿದೆ. ಕೊನೆಯದಾಗಿ, ನಮ್ಮ ಮಹಡಿಯಲ್ಲಿ ಧಾರವಾಡ, ಮಂಗಳೂರು ಮತ್ತು ಹಾಸನದ ಕಡೆಯ ಕುಟುಂಬಗಳಿವೆ. ನಾವೆಲ್ಲರೂ ನಮ್ಮ ನಮ್ಮ ಮನೆಯ ಮಿತವ್ಯಯದ ಅಡುಗೆಗಳನ್ನು ಒಂದೇ ಪುಸ್ತಕದಲ್ಲಿ ಬರೆದಿಟ್ಟು ಹಂಚಿಕೊಳ್ಳಬೇಕೆಂದಿದ್ದೇವೆ. ಒಬ್ಬರು ಬರೆದದ್ದನ್ನು ನೋಡಿ ಮತ್ತೊಬ್ಬರು ತಪ್ಪಿಲ್ಲದೆ ಮಾಡುವಂತೆ ಬರೆಯುವುದು ಹೇಗೆ?

ಉತ್ತರ – ಬಸವನಗುಡಿಯಿಂದ

ತಂಗಿ, ನಿಮ್ಮ ಬುಟ್ಟಿಗೆ ಬಿದ್ದ ಆ ಎರಡು ಕಟ್ಟು ದಂಟಿನ ಸೊಪ್ಪಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದರಲ್ಲಿ ನಿಮ್ಮ ಮನೆಯ ನಾಲ್ವರಿಗೆ ಎರಡು ಹೊತ್ತಿನ ಊಟವಿತ್ತು. ನಮ್ಮ ಕಡೆ ಮಾಡುವ ಬಸ್ಸಾರಿಗಿಂತ ಮಿತವ್ಯಯದ ಅಡುಗೆಯನ್ನು ನಾನು ಕಂಡಿಲ್ಲ. ಒಮ್ಮೆ ಬೇಯಿಸಿದರೆ ಸಾರು ಮತ್ತು ಪಲ್ಯ ಎರಡೂ ಆಗುತ್ತವೆ, ಬೆಂದ ನೀರಿನ ಒಂದು ಹನಿಯೂ ಚೆಲ್ಲುವುದಿಲ್ಲ.

ಮುಕ್ಕಾಲು ಲೋಟ ತೊಗರಿಬೇಳೆಯನ್ನು ತೊಳೆದು, ಆರು ಲೋಟ ನೀರಿನೊಂದಿಗೆ ತೆರೆದ ಪಾತ್ರೆಯಲ್ಲಿ ಬೇಯಲಿಡಿ. ಇದಕ್ಕೆ ಕುಕ್ಕರ್ ಬೇಡ. ಕಾಳು ಬೆರಳಿನಲ್ಲಿ ಒತ್ತಿದರೆ ಒಡೆಯಬೇಕು, ಆದರೆ ಕರಗಿ ಹೋಗಿರಬಾರದು. ಆ ಹದಕ್ಕೆ ಬಂದಾಗ ಹೆಚ್ಚಿದ ದಂಟನ್ನು ಮೊದಲು ಹಾಕಿ, ಅದು ಅರೆಬೆಂದ ಮೇಲೆ ಸೊಪ್ಪು ಮತ್ತು ಉಪ್ಪನ್ನು ಹಾಕಿ ಐದು ನಿಮಿಷ ಬೇಯಿಸಿ, ಎಲ್ಲವನ್ನೂ ತೂತಿನ ಪಾತ್ರೆಗೆ ಸುರಿದು ನೀರನ್ನು ಬಸಿದುಕೊಳ್ಳಿ. ಬಸಿದ ಈ ನೀರಿಗೆ ಕಟ್ಟು ಎನ್ನುತ್ತೇವೆ. ಹೊಸಬರಿಗೆ ಹೇಳಿಕೊಡುವಾಗ ಸೊಪ್ಪಿನ ಕಟ್ಟು ಎಂದರೆ ಕಂತೆ, ಬೇಳೆಯ ಕಟ್ಟು ಎಂದರೆ ಬಸಿದ ನೀರು ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ. ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ಬಾಡಿಸಿ, ಎರಡು ಚಮಚ ಸಾರಿನ ಪುಡಿ, ಸ್ವಲ್ಪ ತೆಂಗಿನ ತುರಿ ಮತ್ತು ಗೋಲಿ ಗಾತ್ರದ ಹುಣಸೆಹಣ್ಣಿನೊಂದಿಗೆ ರುಬ್ಬಿ. ರುಬ್ಬುವಾಗ ಬಸಿದಿಟ್ಟ ಸೊಪ್ಪು ಮತ್ತು ಬೇಳೆಯಿಂದ ಒಂದು ಸೌಟಿನಷ್ಟನ್ನು ಸೇರಿಸುವುದನ್ನು ಮರೆಯಬೇಡಿ, ಸಾರಿಗೆ ಮೈ ಬರುವುದು ಅದರಿಂದಲೇ. ಅದನ್ನು ಸೇರಿಸಿದರೆ ಹೆಚ್ಚು ತೆಂಗಿನಕಾಯಿಯೂ ಬೇಕಾಗುವುದಿಲ್ಲ. ರುಬ್ಬಿದ್ದನ್ನು ಕಟ್ಟಿಗೆ ಬೆರೆಸಿ ಕುದಿಸಿ ಒಗ್ಗರಣೆ ಕೊಡಿ. ಉಳಿದ ಸೊಪ್ಪು ಬೇಳೆಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆ ಹಾಕಿ ತೆಂಗಿನ ತುರಿ ಉದುರಿಸಿದರೆ ಪಲ್ಯ ಸಿದ್ಧ. ರಾಗಿಮುದ್ದೆಯ ಜೊತೆಗೆ ಮೊದಲ ಹೊತ್ತು, ಅನ್ನದ ಜೊತೆಗೆ ಎರಡನೆಯ ಹೊತ್ತು. ಮರುದಿನ ಇನ್ನೊಮ್ಮೆ ಕುದಿದ ಬಸ್ಸಾರಿಗೆ ಮೊದಲ ದಿನದ ಸಾರು ಸಮನಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಹಬ್ಬದ ದಿನ ಒಬ್ಬಟ್ಟಿಗೆ ಬೇಯಿಸಿದ ಬೇಳೆಯ ಕಟ್ಟಿನಿಂದ ಒಬ್ಬಟ್ಟಿನ ಸಾರು ಮಾಡುವುದೂ ಇದೇ ತಿಳಿವಳಿಕೆಯಿಂದ. ನಿಮ್ಮ ಪಕ್ಕದ ಧಾರವಾಡದವರನ್ನು ಕೇಳಿ ನೋಡಿ, ಹೋಳಿಗೆಯ ದಿನ ಅವರ ಮನೆಯಲ್ಲಿ ಕಟ್ಟಿನ ಸಾರು ಇದ್ದೇ ಇರುತ್ತದೆ.

ಸೊಪ್ಪು ಕೊಳೆಯದಿರಲು ತಂದ ದಿನ ತೊಳೆಯಬೇಡಿ. ಬೇರನ್ನು ಕತ್ತರಿಸಿ, ಕೊಳೆತ ಎಲೆಗಳನ್ನು ಆಯ್ದು ತೆಗೆದು, ಒಣ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಟ್ಟರೆ ಫ್ರಿಜ್‌ನಲ್ಲಿ ನಾಲ್ಕು ದಿನ ಕೆಡುವುದಿಲ್ಲ. ಭಾನುವಾರ ತಂದ ಸೊಪ್ಪನ್ನು ಸೋಮವಾರ ಮತ್ತು ಮಂಗಳವಾರವೇ ಮುಗಿಸಿ, ಕುಂಬಳಕಾಯಿ, ಸೀಮೆಬದನೆ, ಎಲೆಕೋಸುಗಳನ್ನು ವಾರದ ಕೊನೆಗೆ ಇಟ್ಟುಕೊಳ್ಳಿ. ಏನು ಅಡುಗೆ ಮಾಡಬೇಕೆಂಬುದನ್ನು ನಮ್ಮ ಆಸೆಗಿಂತ ಮೊದಲು ಬಾಡುವ ತರಕಾರಿಯೇ ತೀರ್ಮಾನಿಸಲಿ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ರಾಶಿ ರಾಶಿಯಾಗಿ ಬಂದು ಬೆಲೆ ಇಳಿದಾಗ ಕಾಳು ಬಿಡಿಸಿ, ನೆನೆಸಿ ಹಿತುಕಿ, ಪೊಟ್ಟಣ ಕಟ್ಟಿ ಫ್ರೀಜರ್‌ನಲ್ಲಿಟ್ಟರೆ ಸೊಗಡು ಸ್ವಲ್ಪ ಕಡಿಮೆಯಾದರೂ ಹಿತುಕಿದ ಬೇಳೆಯ ಸಾರು ಬೇಸಿಗೆಯಲ್ಲಿಯೂ ಸಿಗುತ್ತದೆ.

ಉತ್ತರ – ರಾಜಾಜಿನಗರದಿಂದ

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಬೇಳೆ ಬೇಯದಿರುವ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ.

ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿರುತ್ತವೆ. ಅವು ಕಾಳಿನ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್‌ನೊಂದಿಗೆ ಸೇರಿ ಅದನ್ನು ಇನ್ನಷ್ಟು ಬಿಗಿಗೊಳಿಸುವುದರಿಂದ ಬೇಳೆ ಮೆತ್ತಗಾಗಲು ಹೆಚ್ಚು ಹೊತ್ತು ಬೇಕಾಗುತ್ತದೆ. ಹುಣಸೆಹಣ್ಣು, ಟೊಮೇಟೊಗಳ ಹುಳಿಯೂ ಇದೇ ರೀತಿ ಅಡ್ಡಿಯಾಗುತ್ತದೆ. ಆದ್ದರಿಂದ ಬೇಳೆ ಪೂರ್ತಿ ಬೆಂದ ನಂತರವೇ ಹುಳಿಯನ್ನು ಹಾಕಬೇಕು. ಇನ್ನೊಂದು ಕಾರಣ ನಮ್ಮ ಊರಿನ ಎತ್ತರ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಬದಲಾಗಿ ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಮಂಗಳೂರಿನಲ್ಲಿ ಬೇಗ ಬೆಂದ ಕಾಳು ಇಲ್ಲಿ ತಡಮಾಡಿದರೆ ಅಡುಗೆ ಮಾಡಿದವರ ತಪ್ಪೇನೂ ಇಲ್ಲ. ಕುಕ್ಕರ್‌ನೊಳಗೆ ಒತ್ತಡದಿಂದಾಗಿ ಉಷ್ಣತೆ 120 ಡಿಗ್ರಿಯ ಹತ್ತಿರ ಹೋಗುವುದರಿಂದ ಅದು ಈ ಊರಿಗೆ ಇನ್ನೂ ಹೆಚ್ಚು ಉಪಯುಕ್ತವಾದ ಸಾಧನ.

ನೀವು ಮಾಡಬೇಕಾದದ್ದು ಇಷ್ಟು. ಕುಡಿಯಲು ಶುದ್ಧೀಕರಿಸಿದ ನೀರಿನಲ್ಲಿ ಬೇಳೆಯನ್ನು ಒಂದು ಗಂಟೆ ನೆನೆಸಿ. ಹುರುಳಿ, ಕಡಲೆ, ಅಲಸಂದೆಗಳನ್ನು ರಾತ್ರಿಯಿಡೀ ನೆನೆಸಿ. ಮೊದಲ ಸೀಟಿ ಬಂದ ಕೂಡಲೇ ಉರಿಯನ್ನು ಅತ್ಯಂತ ಸಣ್ಣದು ಮಾಡಿ. ಕುಕ್ಕರ್ ಒಳಗೆ ಒತ್ತಡ ಒಮ್ಮೆ ತುಂಬಿದ ಮೇಲೆ ಜೋರು ಉರಿಯಿಂದ ಬರುವ ಪ್ರತಿಯೊಂದು ಸೀಟಿಯೂ ಹೊರಗೆ ಹೋಗುವ ಹಬೆ ಮಾತ್ರ, ಅಡುಗೆ ಅದರಿಂದ ಬೇಗ ಆಗುವುದಿಲ್ಲ. ಹತ್ತು ನಿಮಿಷ ಸಣ್ಣ ಉರಿಯಲ್ಲಿಟ್ಟು ಆರಿಸಿ, ಒತ್ತಡ ತಾನಾಗಿಯೇ ಇಳಿಯುವವರೆಗೆ ಮುಚ್ಚಳಕ್ಕೆ ಕೈ ಹಾಕಬೇಡಿ, ಒಳಗಿನ ಬಿಸಿಯಲ್ಲಿ ಬೇಳೆ ಬೇಯುತ್ತಲೇ ಇರುತ್ತದೆ. ಬೇಳೆ, ಅನ್ನ, ಆಲೂಗಡ್ಡೆಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಒಂದೇ ಕುಕ್ಕರ್‌ನಲ್ಲಿಟ್ಟರೆ ಒಲೆ ಹಚ್ಚುವುದು ಒಂದೇ ಸಲ. 14.2 ಕಿಲೋ ಸಿಲಿಂಡರ್ ಹಚ್ಚಿದ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟರೆ ಎಷ್ಟು ದಿನ ಹೆಚ್ಚಾಗಿ ಬಂತು ಎಂಬುದು ನಿಮಗೇ ತಿಳಿಯುತ್ತದೆ. ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವ ಅಭ್ಯಾಸವನ್ನು ದಯವಿಟ್ಟು ಮಾಡಿಕೊಳ್ಳಬೇಡಿ, ಅದು ಕಾಳಿನಲ್ಲಿರುವ ಬಿ1 ಜೀವಸತ್ವವನ್ನು ನಾಶಮಾಡುತ್ತದೆ.

ಉಳಿದ ಅನ್ನದ ಬಗ್ಗೆ ಒಂದು ಎಚ್ಚರಿಕೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೇ ಬಹಳ ಹೊತ್ತು ಉಳಿದರೆ ಅವು ಬೆಳೆದು ವಿಷವನ್ನು ಉಂಟುಮಾಡುತ್ತವೆ, ಆ ವಿಷವು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ರಾತ್ರಿಯ ಊಟವಾದ ಮೇಲೆ ಉಳಿದದ್ದನ್ನು ಅಗಲವಾದ ತಟ್ಟೆಯಲ್ಲಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಬೆಳಿಗ್ಗೆ ಅದರಿಂದ ಚಿತ್ರಾನ್ನ ಮಾಡಬಹುದು ಅಥವಾ ಚೆನ್ನಾಗಿ ಮಸೆದು ಅಕ್ಕಿಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಬಹುದು. ಅನ್ನ ಬೆರೆತ ರೊಟ್ಟಿ ಹೆಚ್ಚು ಮೃದುವಾಗಿರುತ್ತದೆ.

ಉತ್ತರ – ವಿಜಯನಗರದಿಂದ

ನಮ್ಮ ತವರು ಪುತ್ತೂರಿನ ಕಡೆ. ಅಲ್ಲಿ ಸಿಪ್ಪೆ, ಬೀಜ, ತಿರುಳುಗಳೆಲ್ಲ ಅಡುಗೆಯ ಲೆಕ್ಕಕ್ಕೆ ಸೇರುತ್ತವೆ. ಹೀರೆಕಾಯಿಯ ಸಿಪ್ಪೆಯನ್ನು ಎರಡು ಚಮಚ ಉದ್ದಿನಬೇಳೆ, ಒಣಮೆಣಸಿನಕಾಯಿಯೊಂದಿಗೆ ಹುರಿದು, ಹುಣಸೆಹಣ್ಣು ಮತ್ತು ತೆಂಗಿನ ತುರಿ ಹಾಕಿ ರುಬ್ಬಿದರೆ ಒಳ್ಳೆಯ ಚಟ್ನಿ. ಸೀಮೆಬದನೆಯ ಸಿಪ್ಪೆಗೂ ಇದೇ ವಿಧಾನ. ಬೇಸಿಗೆಯಲ್ಲಿ ಕಲ್ಲಂಗಡಿ ತಿಂದ ಮೇಲೆ ಕೆಂಪು ತಿರುಳಿಗೂ ಹಸಿರು ಸಿಪ್ಪೆಗೂ ನಡುವಿನ ಬಿಳಿಯ ಭಾಗವನ್ನು ಎಸೆಯಬೇಡಿ. ನಾಲ್ಕು ಗಂಟೆ ನೆನೆಸಿದ ಎರಡು ಲೋಟ ದೋಸೆ ಅಕ್ಕಿಗೆ ಎರಡು ಲೋಟ ಹೆಚ್ಚಿದ ಬಿಳಿ ಭಾಗವನ್ನು ಸೇರಿಸಿ, ಬೇರೆ ನೀರು ಹಾಕದೆ ನುಣ್ಣಗೆ ರುಬ್ಬಿ ಉಪ್ಪು ಬೆರೆಸಿದರೆ ಹಿಟ್ಟು ಹುದುಗುವವರೆಗೆ ಕಾಯಬೇಕಾಗಿಲ್ಲ, ಆಗಲೇ ದೋಸೆ ಹುಯ್ಯಬಹುದು. ಉದ್ದಿನಬೇಳೆಯ ಖರ್ಚೂ ಉಳಿಯಿತು. ಪೇಟೆಯ ತರಕಾರಿಯಾದ್ದರಿಂದ ಸಿಪ್ಪೆ ಬಳಸುವ ಮುನ್ನ ಹರಿಯುವ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಹಸಿರಾದ ಆಲೂಗಡ್ಡೆಯ ಸಿಪ್ಪೆಯನ್ನು ಮಾತ್ರ ಎಂದಿಗೂ ಬಳಸಬೇಡಿ, ಅದರಲ್ಲಿ ವಿಷದ ಅಂಶವಿರುತ್ತದೆ.

ಬಾಲ್ಕನಿಯಲ್ಲಿ ಒಂದು ಕುಂಡ ದೊಡ್ಡಪತ್ರೆ ಇಟ್ಟುಕೊಳ್ಳಿ. ಹತ್ತು ಎಲೆಗಳನ್ನು ಜೀರಿಗೆ, ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ತೆಂಗಿನ ತುರಿಯೊಡನೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಕುದಿಸುವ ಕೆಲಸವೇ ಇಲ್ಲ.

ಈಗ ಪುಸ್ತಕದ ವಿಷಯ. ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಅಮ್ಮ ಬರೆದುಕೊಟ್ಟ ಚೀಟಿಯಲ್ಲಿ ಸೌತೆಕಾಯಿ ಹುಳಿ ಎಂದಿತ್ತು. ಅತ್ತೆಯವರು ಅದನ್ನು ಓದಿ, ಪ್ರೀತಿಯಿಂದ, ಹಸಿಯಾಗಿ ತಿನ್ನುವ ಎಳೆಯ ಸೌತೆಕಾಯಿಯನ್ನು ತರಿಸಿ ಹುಳಿ ಮಾಡಿದರು, ಅದು ನೀರು ನೀರಾಯಿತು. ನಮ್ಮಲ್ಲಿ ಸೌತೆ ಎಂದರೆ ಸಾಂಬಾರಿಗೆ ಹಾಕುವ ಬಲಿತ ಮಂಗಳೂರು ಸೌತೆ; ಹಸಿಯಾಗಿ ತಿನ್ನುವುದು ಮುಳ್ಳುಸೌತೆ. ಇಲ್ಲಿನ ಕಡಲೆಕಾಯಿ ಧಾರವಾಡದವರಿಗೆ ಶೇಂಗಾ, ನಮಗೆ ನೆಲಗಡಲೆ. ಆದ್ದರಿಂದ ನಿಮ್ಮ ಪುಸ್ತಕದಲ್ಲಿ ಪ್ರತಿಯೊಂದು ಸಾಮಾನಿನ ಮುಂದೆ ನಾಲ್ಕೂ ಮನೆಗಳ ಹೆಸರುಗಳನ್ನು ಬರೆಯಿರಿ. ಅಳತೆಗೆ ಒಂದೇ ಲೋಟವನ್ನು ನಿಶ್ಚಯಿಸಿಕೊಂಡು, ಅದರಲ್ಲಿ ಎಷ್ಟು ಮಿಲಿಲೀಟರ್ ನೀರು ಹಿಡಿಯುತ್ತದೆ ಎಂಬುದನ್ನು ಮೊದಲ ಪುಟದಲ್ಲಿಯೇ ನಮೂದಿಸಿ. ಹಿರಿಯರು ಪಾವಿನಲ್ಲಿ ಹೇಳಿದರೆ ಅದನ್ನೂ ಆ ಲೋಟಕ್ಕೆ ಅಳೆದು ನೋಡಿ ಬರೆದುಕೊಳ್ಳಿ. ಎಷ್ಟು ಜನರಿಗೆ, ಎಷ್ಟು ಹೊತ್ತಿಗೆ, ಉಳಿದರೆ ಮರುದಿನ ಅದರಿಂದ ಏನು ಮಾಡಬಹುದು ಎಂಬ ಮೂರು ಸಾಲುಗಳು ಪ್ರತಿ ಅಡುಗೆಯ ಕೆಳಗೂ ಇರಲಿ. ‘ಹದವಾಗಿ ಬೇಯಿಸಿ’ ಎಂದಷ್ಟೇ ಬರೆದರೆ ಕಲಿಯುವವರಿಗೆ ಏನೂ ತಿಳಿಯುವುದಿಲ್ಲ. ಬಸವನಗುಡಿಯ ಅಮ್ಮನವರು ಬೆರಳಿನಲ್ಲಿ ಒತ್ತಿದರೆ ಒಡೆಯಬೇಕು ಎಂದು ಬರೆದಿದ್ದಾರಲ್ಲ, ಹಾಗೆ ಬರೆಯಬೇಕು. ಬರೆದವರ ಮನೆಯಲ್ಲಿ ಅಲ್ಲದೆ ಇನ್ನೊಂದು ಮನೆಯಲ್ಲಿ ಒಮ್ಮೆ ಮಾಡಿ ನೋಡಿದ ನಂತರವೇ ಪುಸ್ತಕಕ್ಕೆ ಸೇರಿಸಿ.

ಪ್ರಶ್ನೆ ಕೇಳಿದವರಿಂದ – ಮೂರು ವಾರಗಳ ನಂತರ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಶುದ್ಧೀಕರಿಸಿದ ನೀರಿನಲ್ಲಿ ನೆನೆಸಿದ ಬೇಳೆ ಒಂದು ಸೀಟಿ ಮತ್ತು ಹತ್ತು ನಿಮಿಷದ ಸಣ್ಣ ಉರಿಗೆ ಬೆಣ್ಣೆಯಂತೆ ಬೆಂದಿತು ಸರ್. ಸಿಲಿಂಡರ್ ಹಚ್ಚಿದ ದಿನವನ್ನೂ ಗುರುತು ಹಾಕಿದ್ದೇನೆ. ಬಸ್ಸಾರನ್ನು ಎರಡು ಸಲ ಮಾಡಿದೆ. ಮೊದಲನೆಯ ಸಲ ಬೇಳೆ ಹೆಚ್ಚು ಬೆಂದು ಕಟ್ಟು ಗಟ್ಟಿಯಾಯಿತು, ಪಲ್ಯವೂ ಮುದ್ದೆಯಾಯಿತು. ಎರಡನೆಯ ಸಲ ಅಮ್ಮನವರು ಹೇಳಿದ ಹದಕ್ಕೆ ನಿಲ್ಲಿಸಿದ್ದರಿಂದ ಸರಿಬಂತು. ಅತ್ತೆಯವರು ತಮ್ಮ ತಾಯಿಯ ಮನೆಯಲ್ಲಿ ಅದೇ ಕಟ್ಟಿಗೆ ಹುರುಳಿಯನ್ನು ಸೇರಿಸುತ್ತಿದ್ದರೆಂದು ನೆನಪಿಸಿಕೊಂಡು, ಮುಂದಿನ ವಾರ ತಾವೇ ಮಾಡುವುದಾಗಿ ಹೇಳಿದ್ದಾರೆ.

ಪುಸ್ತಕಕ್ಕೆ ನಮ್ಮ ಮನೆಯ ಸ್ಟೀಲ್ ಲೋಟವನ್ನೇ ಅಳತೆಯಾಗಿ ಒಪ್ಪಿಕೊಂಡಿದ್ದೇವೆ, ಅದರಲ್ಲಿ 200 ಮಿಲಿಲೀಟರ್ ಹಿಡಿಯುತ್ತದೆ. ಬಸ್ಸಾರನ್ನು ಮೊದಲ ಪುಟದಲ್ಲಿ ಬರೆದು, ಪರೀಕ್ಷಿಸಿ ನೋಡಲು ಧಾರವಾಡದವರ ಮನೆಗೆ ಕೊಟ್ಟಿದ್ದೇನೆ. ಅವರಿಗೆ ದಂಟು ಸಿಗಲಿಲ್ಲವಂತೆ, ರಾಜಗಿರಿ ಸೊಪ್ಪಿನಲ್ಲಿ ಮಾಡಿದ್ದಾರೆ. ರುಬ್ಬುವಾಗ ತೆಂಗಿನಕಾಯಿಯ ಬದಲು ಒಂದು ಹಿಡಿ ಹುರಿದ ಶೇಂಗಾ ಹಾಕಿದ್ದಾರೆ. ಒಂದು ಡಬ್ಬಿ ತುಂಬ ಸಾರನ್ನು ನಮಗೂ ಕಳುಹಿಸಿಕೊಟ್ಟರು, ರುಚಿ ಬೇರೆಯಾದರೂ ಬಹಳ ಚೆನ್ನಾಗಿತ್ತು. ಅದನ್ನು ಅದೇ ಪುಟದ ಕೆಳಗೆ ಅವರ ಕೈಯಿಂದಲೇ ಬರೆಸಿದ್ದೇನೆ.