ಪಶುವೈದ್ಯರನ್ನು ಕೇಳಿ: ಮನೆಗೆ ಮೊದಲ ಆಮೆ

ನಿರ್ವಾಹಕರು: ಈ ವಾರ ಆಮೆ ಸಾಕುವವರ ಪ್ರಶ್ನೆಗಳಿಗೆ ನಮ್ಮ ಗುಂಪಿನ ಡಾಕ್ಟರ್ ಮೇಡಂ ಉತ್ತರಿಸುತ್ತಾರೆ. ಅವರು ಬೆಂಗಳೂರಿನಲ್ಲಿ ಹಕ್ಕಿ, ಮೊಲ, ಆಮೆಗಳಿಗೆ ಚಿಕಿತ್ಸೆ ಕೊಡುವವರು. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಬೇಡ.

ಸದಸ್ಯ, ಮೈಸೂರು: ಮೇಡಂ, ಮಗಳ ಹುಟ್ಟುಹಬ್ಬಕ್ಕೆ ಆಮೆ ತರೋಣ ಅಂತ ಇದ್ದೇವೆ. ನಮಗೆ ಇದೇ ಮೊದಲು. ಯಾವ ಜಾತಿ ಒಳ್ಳೆಯದು? ನಕ್ಷತ್ರ ಆಮೆ ಚೆಂದ ಇರುತ್ತೆ, ಪರಿಚಯದವರೊಬ್ಬರು ತಂದುಕೊಡ್ತೀನಿ ಅಂದಿದ್ದಾರೆ.

ಡಾಕ್ಟರ್: ನಕ್ಷತ್ರ ಆಮೆ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಅದು ಮೊದಲನೇ ಅನುಸೂಚಿಯಲ್ಲಿದೆ. ಹುಲಿ, ಆನೆ ಇರುವ ಪಟ್ಟಿ ಅದು. ಕೊಂಡರೆ, ಮನೆಯಲ್ಲಿ ಇಟ್ಟುಕೊಂಡರೆ 3ರಿಂದ 7 ವರ್ಷ ಜೈಲು, ಕಡಿಮೆ ಅಂದರೂ 25 ಸಾವಿರ ರೂಪಾಯಿ ದಂಡ. ನಿಮ್ಮ ಪರಿಚಯದವರು ಅದನ್ನು ಯಾವುದೋ ಹೊಲದ ಬದುವಿನಿಂದ, ಕುರುಚಲು ಕಾಡಿನಿಂದ ಎತ್ತಿ ತರುತ್ತಾರೆ, ಅಷ್ಟೇ. ನಮ್ಮ ಕೆರೆ, ಬಾವಿಯ ಆಮೆಗಳನ್ನೂ ಮುಟ್ಟಬೇಡಿ.

ಇನ್ನು ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ಹಸಿರು ಮರಿ, ಅದು ರೆಡ್ ಇಯರ್ಡ್ ಸ್ಲೈಡರ್. ಅಮೆರಿಕದ ಮಿಸಿಸಿಪಿ ಕಡೆಯ ನೀರಾಮೆ. ಇನ್ನೊಂದು ಸಲ್ಕಾಟಾ, ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ನೆಲದ ಆಮೆ. ಎರಡೂ ಮರಿಯಾಗಿದ್ದಾಗ ಅಂಗೈಯಲ್ಲಿ ಕೂರುತ್ತವೆ. ಸ್ಲೈಡರ್ ಹೆಣ್ಣು ಊಟದ ತಟ್ಟೆಯಷ್ಟು ದೊಡ್ಡದಾಗುತ್ತೆ, 20ರಿಂದ 30 ವರ್ಷ ಬದುಕುತ್ತೆ. ಸಲ್ಕಾಟಾ ಗಂಡು 40 ಕಿಲೋ ದಾಟಬಹುದು, 50 ವರ್ಷಕ್ಕೂ ಜಾಸ್ತಿ ಬದುಕುತ್ತೆ. ಗೋಡೆಯ ಬುಡ ತೋಡಿ ಬಿಲ ಮಾಡುತ್ತೆ. ನಿಮ್ಮ ಮಗಳು ಮದುವೆಯಾಗಿ ಹೋದ ಮೇಲೂ ಅದನ್ನು ನೀವೇ ನೋಡಿಕೊಳ್ಳಬೇಕು. ಉಡುಗೊರೆಯಾಗಿ ಯಾವುದನ್ನೂ ತರಬೇಡಿ. ಮೊದಲು ಜಾಗ ಸಿದ್ಧ ಮಾಡಿ, ಅದಕ್ಕೆ ಎಷ್ಟು ಬಿಸಿಲು ಬರುತ್ತೆ ನೋಡಿ, ಆಮೇಲೆ ಪ್ರಾಣಿಯ ಮಾತು.

ಸದಸ್ಯ, ಹುಬ್ಬಳ್ಳಿ: ನಮ್ಮಲ್ಲಿ ಸಲ್ಕಾಟಾ ಅದ. ಅಂಗಡಿಯವರು ಲೈಸೆನ್ಸ್ ಏನೂ ಬ್ಯಾಡ ಅಂದಿದ್ದರು. ಹೌದೇನ್ರಿ?

ಡಾಕ್ಟರ್: ಅಲ್ಲ. ಅದು ಸೈಟಿಸ್ ಪಟ್ಟಿಯ ಪ್ರಾಣಿ. ಸೈಟಿಸ್ ಅಂದರೆ ಅಳಿವಿನ ಭಯವಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ. 2024ರ ನಿಯಮದ ಪ್ರಕಾರ ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಮಾರಿದವರಿಂದ ಕಾಗದ ಕೇಳಿ. ಅರಣ್ಯ ಇಲಾಖೆ ಕಚೇರಿಗೆ ಹೋಗಿ ವಿಚಾರಿಸಿ.

ಸದಸ್ಯೆ, ದಾವಣಗೆರೆ: ಮೇಡಂ ನಮಸ್ಕಾರ. ಮಗನಿಗೆ ಎರಡು ಹಸಿರು ಆಮೆ ಮರಿ ತಂದಿದ್ವಿ. ಗಾಜಿನ ಬಟ್ಟಲಲ್ಲಿ ಇಟ್ಟಿದ್ದೇವೆ, ಮಧ್ಯೆ ಪ್ಲಾಸ್ಟಿಕ್ ತೆಂಗಿನ ಮರ ಇದೆ. ಅಂಗಡಿಯವರು ಕೊಟ್ಟ ಒಣ ಸೀಗಡಿ ಹಾಕ್ತೀವಿ. ಈಗ ಒಂದು ಮರಿ ಕಣ್ಣೇ ಬಿಡ್ತಿಲ್ಲ, ರೆಪ್ಪೆ ಊದಿದೆ. ಹತ್ತು ದಿನದಿಂದ ಏನೂ ತಿಂದಿಲ್ಲ. ಚಿಪ್ಪು ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತೆ. ಏನು ಮಾಡಲಿ?

ಡಾಕ್ಟರ್: ಮೊದಲು ಇಷ್ಟು ಹೇಳಿ. ಈಜುವಾಗ ನೇರ ಇರುತ್ತಾ, ಒಂದು ಕಡೆ ವಾಲುತ್ತಾ? ಮೂಗಿನಿಂದ ಗುಳ್ಳೆ ಬರುತ್ತಾ? ಬಾಯಿ ತೆರೆದು ಉಸಿರಾಡುತ್ತಾ? ಬಟ್ಟಲು ಮನೆಯಲ್ಲಿ ಎಲ್ಲಿದೆ?

ಸದಸ್ಯೆ, ದಾವಣಗೆರೆ: ಬಲಗಡೆ ವಾಲುತ್ತೆ ಮೇಡಂ. ಗುಳ್ಳೆ ನೋಡಿಲ್ಲ. ಬಟ್ಟಲು ಟಿವಿ ಪಕ್ಕ ಇದೆ, ಕಿಟಕಿಯಿಂದ ಬಿಸಿಲು ಬರುತ್ತೆ.

ಸದಸ್ಯ, ತುಮಕೂರು: ಫಾರ್ವರ್ಡ್ ಬಂದಿತ್ತು, ಉಪಯೋಗ ಆಗಬಹುದು. ಆಮೆ ಕಣ್ಣಿಗೆ ಕೊತ್ತಂಬರಿ ನೀರು ಬಿಡಿ. ಚಿಪ್ಪಿಗೆ ಅರಿಶಿನ ಬೆರೆಸಿದ ಕೊಬ್ಬರಿ ಎಣ್ಣೆ ಹಚ್ಚಿ, ಗಟ್ಟಿಯಾಗುತ್ತೆ. ತಿನ್ನದಿದ್ದರೆ ಹೊಟ್ಟೆಯಲ್ಲಿ ಹುಳ ಅಂತ ಅರ್ಥ, ನಾಯಿಗೆ ಕೊಡುವ ಐವರ್ಮೆಕ್ಟಿನ್ ಎರಡು ಹನಿ ಸಾಕು.

ಡಾಕ್ಟರ್: ದಾವಣಗೆರೆಯವರೇ, ಮೇಲಿನದನ್ನು ಓದಿದ್ದರೆ ಮರೆತುಬಿಡಿ. ಐವರ್ಮೆಕ್ಟಿನ್ ಆಮೆಗೆ ವಿಷ. ನಾಯಿ, ದನಕ್ಕೆ ಕೊಡುವ ಔಷಧಿ ಆಮೆಯ ಮೆದುಳಿಗೆ ಹೋಗಿ ಕೈಕಾಲು ಸ್ವಾಧೀನ ತಪ್ಪಿಸುತ್ತೆ, ಉಸಿರು ನಿಲ್ಲಿಸುತ್ತೆ. ಎರಡು ಹನಿಯಲ್ಲಿ ಈ ಮರಿ ಸಾಯುತ್ತೆ. ತುಮಕೂರಿನವರು ದಯವಿಟ್ಟು ಅದನ್ನು ಅಳಿಸಿ, ಬೇರೆ ಗುಂಪಿಗೂ ಕಳಿಸಿದ್ದರೆ ಅಲ್ಲೂ ಅಳಿಸಿ.

ಈಗ ನಿಮ್ಮ ಮರಿಯ ವಿಷಯ. ಇದರಲ್ಲಿ ಮೂರು ತೊಂದರೆ ಸೇರಿಕೊಂಡಂತೆ ಕಾಣುತ್ತೆ. ರೆಪ್ಪೆ ಊದುವುದು ಸ್ಲೈಡರ್ ಮರಿಗಳಲ್ಲಿ ಬಹಳ ಸಲ ವಿಟಮಿನ್ ಎ ಕೊರತೆಯಿಂದ. ಬರೀ ಒಣ ಸೀಗಡಿ ತಿಂದರೆ ಹೀಗೇ ಆಗುತ್ತೆ. ಕಣ್ಣು ಕಾಣದ ಆಮೆ ತಿನ್ನುವುದಿಲ್ಲ, ತಿನ್ನದೆ ಇನ್ನೂ ಸೊರಗುತ್ತೆ. ಚಿಪ್ಪು ಮೆತ್ತಗಾಗುವುದು ಕ್ಯಾಲ್ಸಿಯಂ ಮತ್ತು ಬಿಸಿಲಿನ ಕೊರತೆ. ಚಿಪ್ಪು ಅಂದರೆ ಪಕ್ಕೆಲುಬು, ಬೆನ್ನುಮೂಳೆ ಸೇರಿ ಆದ ಜೀವಂತ ಎಲುಬು. ಮೇಲೆ ಎಣ್ಣೆ ಹಚ್ಚಿದರೆ ಒಳಗಿನ ಎಲುಬು ಗಟ್ಟಿಯಾಗಲ್ಲ, ಕೊಳೆ ಹಿಡಿದು ಬೂಸ್ಟು ಬರುತ್ತೆ ಅಷ್ಟೇ. ಕಿಟಕಿಯ ಬಿಸಿಲೂ ಲೆಕ್ಕಕ್ಕಿಲ್ಲ. ಎಲುಬಿಗೆ ಬೇಕಾದ ಯುವಿಬಿ ಕಿರಣವನ್ನು ಗಾಜು ಒಳಗೆ ಬಿಡುವುದೇ ಇಲ್ಲ.

ನನಗೆ ಹೆದರಿಕೆ ಇರುವುದು ಮೂರನೆಯದಕ್ಕೆ. ಒಂದು ಕಡೆ ವಾಲಿ ಈಜುತ್ತದೆ ಅಂದರೆ ನ್ಯುಮೋನಿಯಾ ಇರಬಹುದು. ಒಂದು ಶ್ವಾಸಕೋಶ ತುಂಬಿಕೊಂಡಾಗ ಹಾಗೆ ವಾಲುತ್ತೆ. ಅದು ಮನೆಮದ್ದಿಗೆ ಹೋಗುವುದಿಲ್ಲ, ಇಂಜೆಕ್ಷನ್ ಬೇಕು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ನಿಮಗೆ ಹತ್ತಿರ, ಆಮೆ ಅಂತ ಹೇಳಿ ಮೊದಲೇ ವಿಚಾರಿಸಿಕೊಂಡು ಹೋಗಿ.

ಅಲ್ಲಿಯವರೆಗೆ ಬಟ್ಟಲಿಂದ ತೆಗೆಯಿರಿ. ಅಗಲವಾದ ಟಬ್‌ನಲ್ಲಿ ಚಿಪ್ಪು ಮುಳುಗುವಷ್ಟೇ ಉಗುರುಬೆಚ್ಚಗಿನ ನೀರು ಹಾಕಿ, ಸುಮಾರು 28 ಡಿಗ್ರಿ. ತಲೆ ಎತ್ತಿದರೆ ಗಾಳಿ ಸಿಗಬೇಕು. ಪಕ್ಕದಲ್ಲಿ ಪೂರ್ತಿ ಹತ್ತಿ ಕೂರುವ ಒಣ ಕಲ್ಲು ಇಡಿ. ಬೆಳಗಿನ ಎಳೆ ಬಿಸಿಲಿಗೆ ಹೊರಗೆ ಇಡಿ, ಅರ್ಧ ಟಬ್ ನೆರಳಲ್ಲಿರಲಿ, ನೀವು ಪಕ್ಕದಲ್ಲೇ ಇರಿ. ಕಾಗೆ, ಬೆಕ್ಕು ಕ್ಷಣದಲ್ಲಿ ಎತ್ತಿಕೊಂಡು ಹೋಗುತ್ತವೆ. ಬಾಯಿ ಬಿಡಿಸಿ ತಿನ್ನಿಸಬೇಡಿ. ಮನುಷ್ಯರ ವಿಟಮಿನ್ ಎ ಮಾತ್ರೆ ಒಡೆದು ಹಾಕಬೇಡಿ, ಜಾಸ್ತಿಯಾದರೆ ಚರ್ಮ ಸುಲಿದು ಬರುತ್ತೆ. ಇನ್ನೊಂದು ಮರಿಯನ್ನು ಬೇರೆ ಟಬ್‌ಗೆ ಹಾಕಿ, ಅದನ್ನೂ ತೋರಿಸಿ.

ಸದಸ್ಯ, ತುಮಕೂರು: ಒಳ್ಳೆಯದಾಗಲಿ ಅಂತ ಹಾಕಿದ್ದೆ ಮೇಡಂ. ಅಷ್ಟು ಗದರುವ ಅಗತ್ಯ ಇರಲಿಲ್ಲ.

ಸದಸ್ಯೆ, ಉಡುಪಿ: ಮರಿ ಸಾಯುವ ಔಷಧಿ ಹೇಳಿದ್ದಕ್ಕೆ ಗದರಿದ್ದಾರೆ, ಸರಿಯಾಗೇ ಇದೆ.

ಸದಸ್ಯೆ, ಮಂಡ್ಯ: ಮೇಡಂ, ಗಂಡು ಯಾವುದು ಹೆಣ್ಣು ಯಾವುದು ಹೇಗೆ ಗೊತ್ತಾಗುತ್ತೆ?

ಸದಸ್ಯ, ಬೆಂಗಳೂರು: ಆಮೆ ಉತ್ತರ ದಿಕ್ಕಿಗೆ ಇರಬೇಕು. ಲಕ್ಷ್ಮಿ ನಿಲ್ಲುತ್ತಾಳೆ. ಇದನ್ನು ಯಾರೂ ಹೇಳ್ತಿಲ್ಲ.

ಸದಸ್ಯೆ, ಉಡುಪಿ: ವಾಸ್ತುವಿಗೆ ಹಿತ್ತಾಳೆ ಆಮೆ ಸಿಗುತ್ತೆ ಅಣ್ಣ. ಅದಕ್ಕೆ ಹಸಿವಿಲ್ಲ, ಕಾಯಿಲೆ ಇಲ್ಲ.

ಸದಸ್ಯ, ಬೆಂಗಳೂರು: ನಿಮ್ಮನ್ನು ಕೇಳಿದ್ನಾ? ಕೂರ್ಮಾವತಾರ ಕಣ್ರೀ ಅದು. ನಂಬಿಕೆ ಇಲ್ಲದವರು ಸುಮ್ನೆ ಇರಿ.

ಸದಸ್ಯೆ, ಉಡುಪಿ: ದೇವರು ಅಂತ ನಂಬುವವರು ಬಟ್ಟಲಲ್ಲಿ ಯಾಕೆ ಇಡ್ತೀರಿ?

ನಿರ್ವಾಹಕರು: ಇಬ್ಬರೂ ನಿಲ್ಲಿಸಿ. ಪ್ರಶ್ನೆ ಇದ್ದರೆ ಮಾತ್ರ ಬರೆಯಿರಿ.

ಸದಸ್ಯ, ಮೈಸೂರು: ಮೇಡಂ, ಹುಟ್ಟುಹಬ್ಬದ ವಿಚಾರ ಬಿಟ್ಟೆವು. ತಾರಸಿಯಲ್ಲಿ ಜಾಗ ಇದೆ. ಸ್ಲೈಡರ್‌ಗೆ ಏನೇನು ಕಟ್ಟಿಸಬೇಕು?

ಡಾಕ್ಟರ್: ಹೀಗೆ ಕೇಳಿದ್ದು ಸಂತೋಷ. ಚಿಪ್ಪಿನ ಉದ್ದ ಒಂದು ಇಂಚಿಗೆ ಸುಮಾರು 40 ಲೀಟರ್ ನೀರು ಅನ್ನುವುದು ಲೆಕ್ಕ. ಬೆಳೆದ ಆಮೆಗೆ 400 ಲೀಟರ್ ಆಯಿತು. ತಾರಸಿ ಅಷ್ಟು ಭಾರ ತಡೆಯುತ್ತಾ ಅಂತ ಮನೆ ಕಟ್ಟಿದ ಮೇಸ್ತ್ರಿಯನ್ನಲ್ಲ, ಎಂಜಿನಿಯರ್‌ನ ಕೇಳಿ. ನೀರಿನ ಆಳ ಚಿಪ್ಪಿನ ಅಗಲಕ್ಕಿಂತ ಜಾಸ್ತಿ ಇರಲಿ, ಇಲ್ಲದಿದ್ದರೆ ಮಗುಚಿಕೊಂಡಾಗ ಮತ್ತೆ ತಿರುಗಲು ಆಗಲ್ಲ. ಹತ್ತಿ ಕೂರಲು ಇಳಿಜಾರಿನ ಒಣ ಕಟ್ಟೆ. ಅರ್ಧಕ್ಕೆ ನೆರಳು, ಬೇಸಿಗೆಯಲ್ಲಿ ತಾರಸಿ ನೀರು ಕುದಿಯುತ್ತೆ. ಮೇಲೆ ಹದ್ದು, ಬೆಕ್ಕು ಬಾರದಂತೆ ಬಲೆ. ಫಿಲ್ಟರ್ ಬೇಕೇ ಬೇಕು. ಊಟಕ್ಕೆ ಆಮೆಯ ಪೆಲೆಟ್, ಮುಳ್ಳು ಸಮೇತ ಸಣ್ಣ ಮೀನು, ಸೊಪ್ಪು, ಕ್ಯಾರೆಟ್ ತುರಿ. ಅನ್ನ, ಬ್ರೆಡ್, ಹಾಲು ಹಾಕಬೇಡಿ. ಬಿಸಿಲು ಬಾರದ ಫ್ಲಾಟ್‌ನಲ್ಲಿದ್ದರೆ ಯುವಿಬಿ ಟ್ಯೂಬ್ ಬೇಕು. ವರ್ಷಕ್ಕೊಮ್ಮೆಯಾದರೂ ಬದಲಿಸಿ, ಬೆಳಕು ಬರುತ್ತಿದ್ದರೂ ಯುವಿಬಿ ಕಡಿಮೆಯಾಗಿರುತ್ತೆ.

ಆದರೂ ಅಂಗಡಿಯಿಂದ ಹೊಸ ಮರಿ ಕೊಳ್ಳಬೇಡಿ. ಸಾಕಲಾಗದೆ ಕೊಡುವವರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ, ಅವರಿಂದ ತೆಗೆದುಕೊಳ್ಳಿ.

ಸದಸ್ಯೆ, ಹಾಸನ: ನಮ್ಮದೂ ಬಟ್ಟಲಲ್ಲೇ ಇದೆ, ಚೆನ್ನಾಗೇ ಇದೆಯಲ್ಲ?

ಡಾಕ್ಟರ್: ಬಟ್ಟಲು ಬೇಡ. ಮೇಲೆ ಓದಿ.

ಸದಸ್ಯ, ಕೋಲಾರ: ನಮ್ಮ ಸ್ಲೈಡರ್ ತುಂಬಾ ದೊಡ್ಡದಾಗಿದೆ. ದೇವಸ್ಥಾನದ ಕಲ್ಯಾಣಿಗೆ ಬಿಟ್ಟರೆ ಪುಣ್ಯ ಅಲ್ವಾ?

ಡಾಕ್ಟರ್: ಬಿಡಬೇಡಿ. ಅದು ಲೋಕದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರುವ ಪ್ರಾಣಿ. ನಮ್ಮ ಆಮೆಗಳ ಊಟ, ಬಿಸಿಲು ಕಾಯುವ ಜಾಗ ಎರಡನ್ನೂ ಕಿತ್ತುಕೊಳ್ಳುತ್ತೆ, ಮನೆಯ ರೋಗವನ್ನೂ ನೀರಿಗೆ ಒಯ್ಯುತ್ತೆ.

ಸದಸ್ಯ, ಬೆಂಗಳೂರು: ಕಲ್ಯಾಣಿಯಲ್ಲಿ ಎಷ್ಟೋ ಆಮೆ ಇವೆ, ಏನೂ ಆಗಿಲ್ಲ. ಎಲ್ಲದಕ್ಕೂ ಬೇಡ ಬೇಡ.

ಸದಸ್ಯೆ, ಉಡುಪಿ: ಇನ್ನು ಹತ್ತು ವರ್ಷ ಬಿಟ್ಟು ಅದೇ ಕಲ್ಯಾಣಿ ನೋಡಿ, ನಮ್ಮ ಊರಿನ ಆಮೆ ಒಂದಾದರೂ ಇರುತ್ತಾ ಅಂತ.

ಸದಸ್ಯ, ಬೆಂಗಳೂರು: ಜ್ಯೋತಿಷ್ಯ ನಮಗೆ ಬೇಡ ಅಂದು ನೀವೇ ಭವಿಷ್ಯ ಹೇಳ್ತೀರಿ.

ಸದಸ್ಯ, ಟೆಕ್ಸಾಸ್: ಇಲ್ಲಿ 4 ಇಂಚಿಗಿಂತ ಚಿಕ್ಕ ಆಮೆ ಮಾರುವುದಕ್ಕೆ 1975ರಿಂದ ನಿಷೇಧ ಇದೆ. ಮಕ್ಕಳು ಬಾಯಿಗೆ ಇಟ್ಟುಕೊಂಡು ಸಾಲ್ಮೊನೆಲ್ಲಾ (ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ) ಬರ್ತಿತ್ತು ಅಂತ. ಊರಲ್ಲಿ ಅಂಥವೇ ಮಾರ್ತಾರೆ.

ಡಾಕ್ಟರ್: ಇದು ಮುಖ್ಯ, ಎಲ್ಲರೂ ಓದಿ. ಆರೋಗ್ಯವಾಗಿ ಕಾಣುವ ಆಮೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ಐದು ವರ್ಷದೊಳಗಿನ ಮಗು, ಬಸುರಿ, ಕೀಮೋ ತೆಗೆದುಕೊಳ್ಳುವವರು ಇರುವ ಮನೆಗೆ ಆಮೆ ಬೇಡ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಟಬ್ಬನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಸದಸ್ಯೆ, ಲೆಸ್ಟರ್: ನಮ್ಮ ಹರ್ಮನ್ ಆಮೆಗೆ ಇದು ಮೊದಲ ಚಳಿಗಾಲ. ಫ್ರಿಜ್‌ನಲ್ಲಿ ನಿದ್ದೆ ಮಾಡಿಸಬೇಕು ಅಂತಾರಲ್ಲ, ನಿಜವಾ?

ಸದಸ್ಯ, ಹುಬ್ಬಳ್ಳಿ: ಸಲ್ಕಾಟಾಕ್ಕ ಬಾಳೆಹಣ್ಣು, ಟೊಮೆಟೊ ಹಾಕ್ತೀವ್ರಿ. ಭಾಳ ಇಷ್ಟ ಅದಕ್ಕ.

ಡಾಕ್ಟರ್: ನಿಲ್ಲಿಸಿ. ಅದು ಹುಲ್ಲು ತಿನ್ನುವ ಪ್ರಾಣಿ. ಗರಿಕೆ, ಒಣಹುಲ್ಲು, ದಾಸವಾಳದ ಎಲೆ, ಹಿಪ್ಪುನೇರಳೆ ಎಲೆ ಕೊಡಿ. ಮರಿಯಾಗಿದ್ದರೆ ತಟ್ಟೆಯಲ್ಲಿ ಬೆಚ್ಚಗಿನ ನೀರು ಹಾಕಿ ಆಗಾಗ ನೆನೆಸಿ.

ಸದಸ್ಯ, ಶಿರಸಿ: ಮೇಡಂ, ಚಿಪ್ಪಿಗೆ ಎಣ್ಣೆ ಹಚ್ಚಿದರೆ...

ಡಾಕ್ಟರ್: ಬೇಡ.

ಸದಸ್ಯೆ, ದಾವಣಗೆರೆ: ಮೇಡಂ, ನಾಳೆ ಬೆಳಗ್ಗೆ ಶಿವಮೊಗ್ಗಕ್ಕೆ ಹೊರಡ್ತೀವಿ. ಬಕೆಟ್ ನೀರಲ್ಲಿ ಹಾಕಿ ಒಯ್ಯಬಹುದಾ?

ಡಾಕ್ಟರ್: ನೀರು ಬೇಡಮ್ಮ. ಶಕ್ತಿ ಇಲ್ಲದ ಮರಿ ಬಸ್ಸಿನ ಕುಲುಕಾಟದಲ್ಲಿ ಮುಳುಗಿಬಿಡುತ್ತೆ. ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿ ತಗೊಳ್ಳಿ, ಒಳಗೆ ಒದ್ದೆ ಬಟ್ಟೆ ಹಾಸಿ. ಫ್ಯಾನ್, ಕಿಟಕಿ ಗಾಳಿ ನೇರ ಬಡಿಯದ ಹಾಗೆ ಮಡಿಲಲ್ಲಿ ಇಟ್ಟುಕೊಳ್ಳಿ. ಸೀಗಡಿ ಪೊಟ್ಟಣವನ್ನೂ ಒಯ್ಯಿರಿ, ಅಲ್ಲಿಯ ಡಾಕ್ಟರ್ ನೋಡಲಿ. ಮರಿಯ ತೂಕ ಕೇಳಿ ಬರೆದುಕೊಂಡು ಬನ್ನಿ, ಔಷಧಿ ಲೆಕ್ಕ ಅದರ ಮೇಲೆಯೇ.