ಬನಿಯನ್ನು ಚಡ್ಡಿಯ ಗಾಯಕರು ಮತ್ತು ಚಿಕ್ಕಮ್ಮನ ಪ್ರಶ್ನೆ

ಚಿಕ್ಕಮ್ಮ, ನಿಮ್ಮ ಸಂದೇಶ ಈಗಷ್ಟೇ ನೋಡಿದೆ. ನಿನ್ನೆ ರಾತ್ರಿ ನಾನು ಗುಂಪಿಗೆ ಹಾಕಿದ ವಿಡಿಯೊ ನೋಡಿ, "ಬನಿಯನ್ನು ಚಡ್ಡಿಯಲ್ಲಿ ಕುಣಿಯುವ ಈ ಗಂಡಸರು ಯಾರು? ಇದನ್ನೂ ಸಂಗೀತ ಸ್ಪರ್ಧೆ ಎನ್ನುತ್ತಾರೆಯೇ? ಇದಕ್ಕೆ ನಾಲ್ಕು ಗಂಟೆ ನಿದ್ದೆಗೆಟ್ಟೆಯಾ?" ಎಂದು ಕೇಳಿದ್ದೀರಿ. ಬೆಳಗಿನ ಪೂಜೆಯ ಹೊತ್ತಿಗೆ ಚಿಕ್ಕಪ್ಪ ಮೊಬೈಲ್ ತೆರೆದು ಬೆಚ್ಚಿಬಿದ್ದರಂತೆ. ತಪ್ಪಾಯಿತು ಎನ್ನಿಸಿತು, ನಗುವೂ ಬಂತು. ಬರೆಯುತ್ತಾ ಕೂರಲು ಬೇಸರ, ಮಾತಿನಲ್ಲೇ ಹೇಳಿಬಿಡುತ್ತೇನೆ. ಉದ್ದವಾದರೆ ಸೊಪ್ಪು ಬಿಡಿಸುತ್ತಾ ಕೇಳಿ.

ಅವರು ಕ್ರೊಯೇಷಿಯಾದ ಲೆಟ್ 3 ಎಂಬ ತಂಡದವರು. ಪಡ್ಡೆ ಹುಡುಗರೆಂದು ತಿಳಿಯಬೇಡಿ, 1987ರಿಂದ ಹಾಡುತ್ತಿರುವ ಹಳೇ ಹುಲಿಗಳು. ಯುದ್ಧದ ಹುಚ್ಚು ಹಿಡಿದ ಸರ್ವಾಧಿಕಾರಿಯನ್ನು ಗೇಲಿ ಮಾಡುವ ಹಾಡು ಅದು. ಮಧ್ಯೆ ಒಂದು ಟ್ರ್ಯಾಕ್ಟರಿನ ಮಾತು ಬರುತ್ತದೆ, ವೇದಿಕೆಗೆ ಕ್ಷಿಪಣಿಗಳೂ ಬರುತ್ತವೆ, ಕೊನೆಗೆ ಮಿಲಿಟರಿ ವೇಷವೆಲ್ಲ ಕಳಚಿ ಉಳಿಯುವುದು ನೀವು ನೋಡಿದ ಅವತಾರ. ಇಪ್ಪತ್ತಾರು ಹಾಡುಗಳಲ್ಲಿ ಹದಿಮೂರನೆಯ ಸ್ಥಾನ ಬಂತು. ಚಡ್ಡಿಗೆ ಅಷ್ಟು ಸಾಕು ಬಿಡಿ.

ಸ್ಪರ್ಧೆಯ ಹೆಸರು ಯೂರೋವಿಷನ್. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಏಳು ದೇಶಗಳಿಂದ ಶುರುವಾದದ್ದು, ಈ ವರ್ಷ, ಅಂದರೆ 2023ರಲ್ಲಿ, ಮೂವತ್ತೇಳು ದೇಶಗಳು. ಕಳೆದ ವರ್ಷ ಗೆದ್ದದ್ದು ಉಕ್ರೇನ್, ಅಲ್ಲಿ ಯುದ್ಧವಿರುವುದರಿಂದ ಅವರ ಪರವಾಗಿ ನಾವಿರುವ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ನಡೆಸಿದರು. ಹಾಡು ಮೂರು ನಿಮಿಷ ಮೀರುವಂತಿಲ್ಲ, ವೇದಿಕೆಯ ಮೇಲೆ ಆರಕ್ಕಿಂತ ಹೆಚ್ಚು ಜನ ಇರುವಂತಿಲ್ಲ. ಮೂರು ನಿಮಿಷದಲ್ಲಿ ನಿಮ್ಮ ಶಿಷ್ಯೆಯರ ತಂಬೂರಿ ಶ್ರುತಿಯೂ ಆಗುವುದಿಲ್ಲ, ಗೊತ್ತು. ಇಲ್ಲಿ ಅಷ್ಟರಲ್ಲೇ ಹಾಡು, ಬೆಂಕಿ, ಹೊಗೆ, ವೇಷ ಎಲ್ಲ ಮುಗಿಯಬೇಕು. ಗುಬ್ಬಿ ಕಂಪನಿಯ ಕುರುಕ್ಷೇತ್ರದಲ್ಲಿ ನಿಜವಾದ ಆನೆ ಕುದುರೆ ರಂಗಕ್ಕೆ ಬರುತ್ತಿದ್ದವೆಂದು ಅಜ್ಜ ಕಣ್ಣರಳಿಸಿ ಹೇಳುತ್ತಿದ್ದರಲ್ಲ, ಆಗ ಯಾರೂ ರಾಗ ಯಾವುದೆಂದು ಕೇಳಲಿಲ್ಲ. ಇದೂ ಆ ಜಾತಿಯ ಸುಖ. ಅತಿ ಎನ್ನುವುದನ್ನು ಇವರು ಮೈಮರೆತು ಮಾಡುತ್ತಾರೆ, ನಾವು ಮೈಮರೆತು ನೋಡುತ್ತೇವೆ.

ಆದರೆ ನಿನ್ನೆಯ ದಿನವೇ ಬೇರೆ. ಮೇ 13, ಅಲ್ಲಿ ಕರ್ನಾಟಕ ವಿಧಾನಸಭೆಯ ಮತ ಎಣಿಕೆ! ನಿಮಗೆ ಬೆಳಗ್ಗೆ ಎಂಟು ಎಂದರೆ ನಮಗೆ ಮೂರೂವರೆ. ಇವರು ಆ ಹೊತ್ತಿಗೇ ಎದ್ದು, ಕಂಬಳಿ ಹೊದ್ದು, ಲ್ಯಾಪ್‌ಟಾಪಿನ ಮುಂದೆ ಕೂತರು. ಇನ್ನೂರ ಇಪ್ಪತ್ತನಾಲ್ಕು ಕ್ಷೇತ್ರಗಳೂ ಮುಗಿಯುವವರೆಗೆ ಕದಲಲಿಲ್ಲ. ಅದೇ ಮನುಷ್ಯ ರಾತ್ರಿ ಎಂಟಕ್ಕೆ ಯೂರೋವಿಷನ್‌ಗೂ ಕೂತರು, ಒಂಬತ್ತನೆಯ ಹಾಡಿಗೆ ಮೊದಲೇ ಸೋಫಾದ ಮೇಲೆ ಗೊರಕೆ.

ಒಂಬತ್ತನೆಯ ಹಾಡು ಇಲ್ಲಿಯವರಿಗೆ ವಿಶೇಷ. ಬಿಬಿಸಿಯಲ್ಲಿ ದಶಕಗಳ ಕಾಲ ಇದಕ್ಕೆ ಕೊಂಕು ವಿವರಣೆ ಕೊಡುತ್ತಿದ್ದ ಟೆರಿ ವೋಗನ್ ನೆನಪಿಗೆ ಆ ಹೊತ್ತಿನಲ್ಲಿ ಲೋಟ ಎತ್ತುವ ರೂಢಿ. ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ನಮ್ಮಲ್ಲಿಗೇ ಬಂದಿದ್ದರು, ಅವರು ವೈನ್ ಎತ್ತಿದರು, ನಾವು ಮಜ್ಜಿಗೆ ಎತ್ತಿದೆವು. ನಿನ್ನೆ ಆ ಒಂಬತ್ತನೆಯದೇ ಗೆದ್ದ ಹಾಡು: ಸ್ವೀಡನ್ನಿನ ಲೊರೀನ್. ಮೇಲೊಂದು ಕೆಳಗೊಂದು ದೈತ್ಯ ಬೆಳಕಿನ ಹಲಗೆ, ನಡುವೆ ಆಕೆ ಮಲಗಿ ಹಾಡುತ್ತಾಳೆ. ಉಗುರುಗಳು ಒಂದೊಂದೂ ನುಗ್ಗೆಕಾಯಿಯ ಮರಿ. "ಅಮ್ಮ, ಸ್ಯಾಂಡ್‌ವಿಚ್ ಟೋಸ್ಟರ್" ಎಂದಳು ಮಗಳು. ಆಮೇಲೆ ನನಗೆ ಬೇರೇನೂ ಕಾಣಿಸಲಿಲ್ಲ.

ಮಗಳು ಹಳೆಯ ಕ್ಯಾಲೆಂಡರಿನ ಏಪ್ರಿಲ್ ಹಾಳೆಯ ಹಿಂಬದಿಗೆ ಕೋಷ್ಟಕ ಗೀಚಿದ್ದಳು. ಹಾಡಿಗೆ ಹತ್ತು, ವೇಷಕ್ಕೆ ಹತ್ತು, ಬೆಂಕಿಗೆ ಹತ್ತು. ಖಾರ ಮಂಡಕ್ಕಿಯ ಎಣ್ಣೆ ಹತ್ತಿ ಆಸ್ಟ್ರೇಲಿಯಾ ಪೂರ್ತಿ ಅಳಿಸಿಹೋಯಿತು. ಹೌದು, ಆಸ್ಟ್ರೇಲಿಯಾವೂ ಇದೆ, 2015ರಿಂದ. ಯೂರೋಪಿಗೆ ಅದು ಹೇಗೆ ಸೇರಿತು ಎಂದು ಚಿಕ್ಕಪ್ಪ ಕೇಳುವುದು ಬೇಡ, ಸೇರಿಸಿಕೊಂಡಿದ್ದಾರೆ ಅಷ್ಟೇ.

ಮಕ್ಕಳ ಮನಸ್ಸು ಗೆದ್ದವನು ಫಿನ್ಲೆಂಡಿನ ಕ್ಯಾರಿಯಾ. ಮರದ ಪೆಟ್ಟಿಗೆಯಿಂದ ಹೊರಬಂದ, ಬರಿಮೈ, ಅದರ ಮೇಲೆ ಗಿಳಿಹಸಿರು ಬಣ್ಣದ ಅಂಗಿಯ ಉಬ್ಬಿದ ತೋಳು ಮಾತ್ರ, ತಲೆಗೆ ಬಟ್ಟಲು ಕವುಚಿ ಕತ್ತರಿಸಿದಂಥ ಕ್ರಾಪು. ಮೊದಲು ಕಿರುಚುತ್ತಾನೆ, ನಡುವೆ ಗುಲಾಬಿ ಬಟ್ಟೆಯ ನರ್ತಕರು ಬಂದದ್ದೇ ತಡ ಹಾಡು ಜೇನಾಗುತ್ತದೆ. ಮಗ ಹಸಿರು ಟವೆಲ್ಲನ್ನು ತೋಳಿಗೆ ಸುತ್ತಿಕೊಂಡು ಚಾ ಚಾ ಚಾ ಎಂದು ಸೋಫಾದಿಂದ ಸೋಫಾಕ್ಕೆ ಹಾರುತ್ತಿದ್ದ. ಬೆಳಗಿನಿಂದ ಇನ್ನೂ ಬಿಚ್ಚಿಲ್ಲ.

ನಿಜವಾದ ಮಜಾ ಮಾತ್ರ ಎಣಿಕೆಯಲ್ಲಿ. ಪ್ರತಿ ದೇಶದ ತೀರ್ಪುಗಾರರು ಒಂದರಿಂದ ಎಂಟು, ಆಮೇಲೆ ಹತ್ತು, ಹನ್ನೆರಡು ಅಂಕ ಹಂಚುತ್ತಾರೆ. ತಮ್ಮ ದೇಶಕ್ಕೆ ತಾವೇ ಕೊಡುವಂತಿಲ್ಲ. ಒಂದೊಂದು ದೇಶದಿಂದ ಒಬ್ಬೊಬ್ಬರು ಮಿನುಗುವ ಅಂಗಿ ತೊಟ್ಟು ತೆರೆಯ ಮೇಲೆ ಬಂದು ಘೋಷಿಸುತ್ತಾರೆ. ಆಮೇಲೆ ಮನೆಮನೆಯವರ ಫೋನ್ ಮತ. ಅಂಚೆ ಮತ ಮೊದಲು, ಯಂತ್ರದ ಮತ ಆಮೇಲೆ ಎಂದುಕೊಳ್ಳಿ. ಅಂಚೆಯಲ್ಲಿ ಸ್ವೀಡನ್‌ಗೆ 340, ನಮ್ಮ ಹಸಿರು ತೋಳಿಗೆ ಬರೀ 150. ಯಂತ್ರ ತೆರೆದರೆ ಇವನಿಗೆ 376! ಮಗ ಕಿರುಚಿದ್ದಕ್ಕೆ ಇವರು ಗೊರಕೆಯಿಂದ ದಡಬಡಿಸಿ ಎದ್ದು, "ಎಷ್ಟು ಸೀಟು? ಯಾವ ಕ್ಷೇತ್ರ?" ಎಂದರು. ಅಜ್ಜಿಗೆ ಅದನ್ನು ಅನುವಾದಿಸಿ ಹೇಳಿದಾಗ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಸ್ವೀಡನ್ ಗೆಲ್ಲಲು 187 ಬೇಕಿತ್ತು, 243 ಬಂತು. ಒಟ್ಟು 583ಕ್ಕೆ 526. ಎರಡು ಸಲ ಗೆದ್ದ ಮೊದಲ ಹೆಣ್ಣು ಲೊರೀನ್. ಕಂಠ ಚೆನ್ನಾಗಿದೆ, ಇಲ್ಲ ಎನ್ನುವುದಿಲ್ಲ. ನೀವು ಕೇಳಿದ್ದರೆ ನೀವೂ ಅವಳಿಗೇ ಕೊಡುತ್ತಿದ್ದಿರಿ. ನಾನು ಹಸಿರು ತೋಳಿಗೇ ಫೋನ್ ಮಾಡಿದ್ದು, ಎಷ್ಟು ಸಲ ಎಂದು ಇವರಿಗೆ ಹೇಳಬೇಡಿ.

ಬ್ರಿಟನ್ ಏನಾಯಿತು ಎಂದಿರಾ? ಇಪ್ಪತ್ತೈದನೆಯದು, ಹಿಂದಿದ್ದದ್ದು ಜರ್ಮನಿ ಒಂದೇ. ಅಜ್ಜಿ ಒಂದಿಷ್ಟೂ ಬೇಜಾರು ಮಾಡಿಕೊಳ್ಳಲಿಲ್ಲ. 2021ರಲ್ಲಿ ತೀರ್ಪುಗಾರರಿಂದಲೂ ಸೊನ್ನೆ, ಜನರಿಂದಲೂ ಸೊನ್ನೆ ನೋಡಿದವರು ಅವರು. ಮಂಡಕ್ಕಿಯ ಡಬ್ಬಿಯಲ್ಲಿ ಉಳಿದ ಕಡಲೆಬೀಜ ಆರಿಸುತ್ತಾ, "ಇಪ್ಪತ್ತನಾಲ್ಕು ಅಂಕ ಬಂತಲ್ಲ" ಎಂದರು.

ಇನ್ನೊಂದು ಮಾತು. ಈ ವರ್ಷದಿಂದ ಸ್ಪರ್ಧೆಯಲ್ಲಿ ಇಲ್ಲದ ದೇಶದವರೂ ಇಂಟರ್ನೆಟ್ಟಿನಲ್ಲಿ ಮತ ಹಾಕಬಹುದು, ಮೈಸೂರಿನಿಂದಲೂ. ಮುಂದಿನ ಮೇ ತಿಂಗಳಲ್ಲಿ ಸ್ವೀಡನ್‌ನಲ್ಲಿ ನಡೆಯುತ್ತದೆ. ನಿಮಗೆ ಮಧ್ಯರಾತ್ರಿ ಹನ್ನೆರಡೂವರೆಗೆ ಶುರು. ಕಾರ್ಡಿನ ನಂಬರು ಬೇಕಾಗುತ್ತದೆ, ಚಿಕ್ಕಪ್ಪನದು ತೆಗೆದಿಟ್ಟಿರಿ. ಸರಿ, ಇಡುತ್ತೇನೆ, ಸೋಫಾದ ಮೇಲಿಂದ ಏನೋ ಬಿದ್ದ ಸದ್ದಾಯಿತು.