ಅಪ್‌ಡೇಟ್: ಅಂಡಮಾನ್ ಪ್ಲಾನ್ ತಿರುವುಮುರುವಾಯ್ತು

ಆರು ದಿನದ ಪ್ರವಾಸದಲ್ಲಿ ಹ್ಯಾವ್ಲಾಕ್ ದ್ವೀಪದ ಸ್ಕೂಬಾ ಡೈವಿಂಗನ್ನು ಕೊನೇ ದಿನ ಬೆಳಗ್ಗೆ ಇಟ್ಟು, ಅವತ್ತೇ ವಿಮಾನ ಹತ್ತಬಹುದಾ ಅಂತ ಕೇಳಿದ್ದೆ. ಬೇಡ ಅಂದವರೇ ಸರಿ. ನೀರಿನಡಿ ಒತ್ತಡದಲ್ಲಿ ಉಸಿರಾಡುವಾಗ ಮೈಯಲ್ಲಿ ಕರಗುವ ನೈಟ್ರೋಜನ್ ಹೊರಹೋಗೋಕೆ ಹೊತ್ತು ಬೇಕು. ಅಷ್ಟರೊಳಗೆ ಮೇಲೆ ಹಾರಿದರೆ ಕ್ಯಾಬಿನ್‌ನ ಕಡಿಮೆ ಒತ್ತಡಕ್ಕೆ ಅದು ಗುಳ್ಳೆ ಕಟ್ಟುತ್ತೆ, ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ. ಒಂದೇ ಡೈವ್ ಆದ್ರೆ ಕನಿಷ್ಠ 12 ಗಂಟೆ, ಹೆಚ್ಚಿದ್ರೆ 18 ಗಂಟೆ ಬಿಡಬೇಕು. ನಾನಂತೂ ಪೂರ್ತಿ ಎರಡು ದಿನ ಬಿಟ್ಟಿದ್ದೀನಿ.

ಹೊಸ ಲೆಕ್ಕ: ಮೊದಲ ದಿನ ಪೋರ್ಟ್ ಬ್ಲೇರ್‌ನಲ್ಲಿ (ಈಗ ಶ್ರೀ ವಿಜಯಪುರಂ) ಇಳಿದು ಮಧ್ಯಾಹ್ನದ ಫೆರ್ರಿಗೆ ಹ್ಯಾವ್ಲಾಕ್. 2, 3ನೇ ದಿನ ಬೆಳಗ್ಗೆ ಡೈವ್. ನಾಲ್ಕನೇ ದಿನ ನೀಲ್ ದ್ವೀಪ, ಅಲ್ಲಿನ ಸಹಜ ಕಲ್ಲಿನ ಸೇತುವೆ ಹತ್ತಿರ ಹೋಗೋಕೆ ಇಳಿತವೇ ಬೇಕು, ಹಾಗಾಗಿ ಉಬ್ಬರವಿಳಿತದ ಪಟ್ಟಿ ನೋಡಿಯೇ ಗಂಟೆ ಗೊತ್ತುಮಾಡಬೇಕು. ಐದನೇ ದಿನ ಪೋರ್ಟ್ ಬ್ಲೇರ್‌ಗೆ ವಾಪಸ್, ಸೆಲ್ಯುಲರ್ ಜೈಲು. ಸಮುದ್ರ ಕೆಟ್ಟು ಫೆರ್ರಿ ರದ್ದಾದರೂ ಆ ದಿನವೇ ಆಸರೆ. ಆರನೇ ದಿನ ವಿಮಾನ.

ಚಳಿಗಾಲದಲ್ಲಿ ಅಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು, ಸುತ್ತಾಟ ಬೆಳಗ್ಗೆಯೇ ಮುಗಿಸಬೇಕು. ಶೀತವಾಗಿ ಮೂಗು ಕಟ್ಟಿದ್ರೆ ಡೈವ್ ಬಿಟ್ಟುಬಿಡಿ: ಮೂಗು ಹಿಡಿದು ಊದಿದರೂ ಕಿವಿಯ ಒತ್ತಡ ಸರಿಹೋಗಲ್ಲ, ತಮಟೆಗೇ ಪೆಟ್ಟು.